ಹತ್ತೊಂಬತ್ತರ ಸ್ಟ್ರೈಕರ್‌ನನ್ನು ಸೀನಿಯರ್ ಟೀಮಿಗೆ ತಯಾರು ಮಾಡುವುದು

ಅಂಡರ್-18 ಫುಟ್‌ಬಾಲಿನಲ್ಲಿ ಮ್ಯಾಚಿಗೊಂದು ಗೋಲು ಹೊಡೆಯುತ್ತಿದ್ದ ಹುಡುಗ ಬೆಂಗಳೂರಿನ ಸೀನಿಯರ್ ಲೀಗ್ ಆದ ಸೂಪರ್ ಡಿವಿಷನ್‌ಗೆ ಬಂದರೆ ಮೊದಲ ತಿಂಗಳು ಬಾಲೇ ಸಿಗುವುದಿಲ್ಲ. ಅಲ್ಲಿಯವರೆಗೆ ಅವನು ಗೆದ್ದದ್ದು ಓಟದಿಂದ. ಇಲ್ಲಿ ಎದುರಿಗಿರುವ ಮೂವತ್ತರ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್, ಅವನ ಜೊತೆ ಓಡುವುದೇ ಇಲ್ಲ. ನಾಲ್ಕು ಗಜ ಹಿಂದೆ ನಿಂತಿದ್ದು, ಬಾಲ್ ಬರುವ ಹೊತ್ತಿಗೆ ಸರಿಯಾಗಿ ಸೊಂಟಕ್ಕೆ ಮೈ ಒತ್ತಿ ಹುಡುಗನ ಎರಡನೇ ಹೆಜ್ಜೆಯನ್ನೇ ತಡೆಯುತ್ತಾನೆ. ಹಾಗಾಗಿ 17ರಿಂದ 20ರ ವಯಸ್ಸಿನವರ ಜೊತೆ ನಾನು ಶಾಟ್‌ಗಿಂತ ಶಾಟ್‌ಗೆ ಮುಂಚಿನ ಎರಡು ಸೆಕೆಂಡಿನ ಮೇಲೆ ಹೆಚ್ಚು ಹೊತ್ತು ಕೆಲಸ ಮಾಡುತ್ತೇನೆ.

ಮೊದಲು ಬಾಲಿನ ಗಾಳಿ. ನಿಯಮದ ಪ್ರಕಾರ 0.6ರಿಂದ 1.1 ಬಾರ್ ತನಕ ಇರಬಹುದು. ಗಟ್ಟಿ ಮಣ್ಣಿನ ಗ್ರೌಂಡಿನಲ್ಲಿ 0.7, ಟರ್ಫ್ ಮೇಲೆ 0.8 ಇಡುತ್ತೇನೆ. ಪಂಪ್ ಹೊಡೆದು ಕಲ್ಲಿನಂತೆ ಮಾಡಿದ ಬಾಲ್ ಮಂಡಿಯೆತ್ತರ ಪುಟಿಯುತ್ತದೆ; ಆಮೇಲೆ ‘ಫಸ್ಟ್ ಟಚ್ ಸರಿಯಿಲ್ಲ’ ಎಂದು ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹನ್ನೆರಡು ಬಾಲ್, ಆರು ಕೋನ್, ಮೈದಾನದ ಅಂಚಿನಲ್ಲಿ ಆಡುವ ಒಬ್ಬ ವಿಂಗರ್, ಒಬ್ಬ ಸ್ಟಾಪರ್, ಒಬ್ಬ ಕೀಪರ್ ಇದ್ದರೆ ಸಾಕು. ಕೀಪರ್ ಇಲ್ಲದ ಗೋಲಿಗೆ ಹೊಡೆಸುವ ಅಭ್ಯಾಸವನ್ನು ನಾನು ಬಿಟ್ಟೇಬಿಟ್ಟಿದ್ದೇನೆ: 7.32 ಮೀಟರ್ ಅಗಲದಲ್ಲಿ ಎಲ್ಲಿ ಹೊಡೆದರೂ ಗೋಲಾದರೆ ಹುಡುಗ ಕಲಿಯುವುದೇನು?

ಒಂದು ಸೆಷನ್ನಿಗೆ 36 ಶಾಟ್. ಹನ್ನೆರಡರಂತೆ ಮೂರು ಸೆಟ್, ನಡುವೆ ಮೂರು ನಿಮಿಷ ಬಿಡುವು, ಎಲ್ಲವೂ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ ಒಳಗಿಂದ, ಎರಡೇ ಟಚ್. ನೂರು ಶಾಟ್ ಹೊಡೆಸಿದರೆ ಹುಡುಗರಿಗೆ ಖುಷಿ, ಅಪ್ಪಂದಿರಿಗೂ ಖುಷಿ. ಆದರೆ ನಲವತ್ತು ದಾಟಿದ ಮೇಲೆ ತೊಡೆಸಂದು ಬಿಗಿಯುತ್ತದೆ, ಊರಿದ ಕಾಲು ಬಾಲಿನ ಪಕ್ಕಕ್ಕೆ ಬರುವ ಬದಲು ಹಿಂದೆ ಉಳಿಯುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಬಾಲ್ ಕ್ರಾಸ್‌ಬಾರಿನ ಮೇಲೆ ಹೋಗುತ್ತದೆ. ದಣಿದ ಕಾಲು ಕಲಿಯುವುದು ಆ ತಪ್ಪನ್ನೇ.

ಮೂರರಲ್ಲಿ ಎರಡು ಸೆಟ್ ಕಟ್‌ಬ್ಯಾಕ್‌ಗೆ ಮೀಸಲು. ವಿಂಗರ್ ಗೋಲ್‌ಲೈನ್ ಹತ್ತಿರ ಹೋಗಿ ಬಾಲನ್ನು ಹಿಂದಕ್ಕೆ ಕೊಡುತ್ತಾನೆ. ಸ್ಟ್ರೈಕರ್ ಮೊದಲು ನಿಯರ್ ಪೋಸ್ಟ್ (ವಿಂಗರ್‌ಗೆ ಹತ್ತಿರದ ಗೋಲುಕಂಬ) ಕಡೆ ಮೂರು ಜೋರು ಹೆಜ್ಜೆ ಹಾಕಬೇಕು, ಸ್ಟಾಪರ್ ಜೊತೆಗೆ ಬರುವ ಹಾಗೆ. ಆಮೇಲೆ ಹೊರಗಾಲಿನಲ್ಲಿ ಬ್ರೇಕ್ ಹಾಕಿ ಪೆನಾಲ್ಟಿ ಸ್ಪಾಟ್ ಕಡೆ ಎರಡು ಹೆಜ್ಜೆ ವಾಪಸ್. ಸ್ಟಾಪರ್ ಗೋಲಿನ ಕಡೆ ಓಡುತ್ತಿರುವುದರಿಂದ ತಿರುಗಲು ಅವನಿಗೆ ಒಂದು ಹೆಜ್ಜೆ ತಡವಾಗುತ್ತದೆ. ಹುಡುಗನಿಗೆ ಸಿಗುವ ಜಾಗ ಅಷ್ಟೇ, ಅಷ್ಟು ಸಾಕು. ಬಾಲಿಗಿಂತ ಹಿಂದೆ ಇರುವುದರಿಂದ ಆಫ್‌ಸೈಡ್ ಚಿಂತೆಯೂ ಇಲ್ಲ.

ಕೆಡುವುದು ಟೈಮಿಂಗ್. ಹತ್ತರಲ್ಲಿ ಎಂಟು ಹುಡುಗರು ವಿಂಗರ್‌ಗೆ ಬಾಲ್ ಸಿಕ್ಕ ಕೂಡಲೇ ಓಡಿಹೋಗಿ ಸ್ಪಾಟ್‌ನಲ್ಲಿ ನಿಂತುಬಿಡುತ್ತಾರೆ. ನಿಂತವನನ್ನು ಹಿಡಿಯಲು ಸ್ಟಾಪರ್‌ಗೆ ಒಂದು ಕೈ ಸಾಕು. ಹೊರಡಬೇಕಾದ ಗುರುತು ವಿಂಗರ್‌ನ ತಲೆ: ಅವನು ಕೊನೆಯ ಟಚ್ ಮುಂದೆ ತಳ್ಳಿ ಬಾಲಿನ ಕಡೆ ತಲೆ ತಗ್ಗಿಸಿದಾಗ ಮೊದಲ ಹೆಜ್ಜೆ. ಎರಡು ವಾರ ನಾನು ‘ಈಗ’ ಎಂದು ಕೂಗುತ್ತೇನೆ, ಮೂರನೇ ವಾರದಿಂದ ಬಾಯಿ ಮುಚ್ಚುತ್ತೇನೆ. ಮೊದಲ ಎರಡು ಸೆಷನ್ ಎಲ್ಲ ಹಾಳಾಗುತ್ತದೆ, ಮತ್ತೆ ಸರಿಹೋಗುತ್ತದೆ.

ಗೋಲಿಗೆ ಬೆನ್ನು ಹಾಕಿ ಬಾಲ್ ಹಿಡಿಯುವಾಗ ಹುಡುಗರು ಸ್ಟಾಪರ್ ಮೇಲೆ ಪೂರ್ತಿ ಒರಗುತ್ತಾರೆ. ಅನುಭವಿ ಸ್ಟಾಪರ್ ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ, ಇವನು ಅಂಗಾತ ಬೀಳುತ್ತಾನೆ, ರೆಫ್ರಿ ನಗುತ್ತಾನೆ. ಅರ್ಧ ತಿರುಗಿ, ಮಂಡಿ ಬಗ್ಗಿಸಿ, ಮುಂಗೈಯಿಂದ ಅವನೆಲ್ಲಿದ್ದಾನೆ ಎಂದು ತಿಳಿದುಕೊಂಡು, ಅವನಿಂದ ದೂರದ ಕಾಲಿನಲ್ಲಿ ಬಾಲ್ ತೆಗೆದುಕೊಳ್ಳಬೇಕು. ಕೈ ಚಾಚಿ ತಳ್ಳಿದರೆ ಫೌಲ್. ಆಸ್ಟಿನ್ ಟೌನ್, ಗೌತಮಪುರದ ಕಡೆಯ ಹುಡುಗರು ಇಕ್ಕಟ್ಟಿನಲ್ಲಿ ಆಡಿ ಬೆಳೆದವರು, ಇದನ್ನು ಒಂದೇ ವಾರಕ್ಕೆ ಹಿಡಿಯುತ್ತಾರೆ.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೆ ನಾರ್ಡಿಕ್ (ಮಂಡಿಯೂರಿ, ಪಾದವನ್ನು ಇನ್ನೊಬ್ಬ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು): ವಾರಕ್ಕೊಮ್ಮೆ ಐದರಂತೆ ಎರಡು ಸೆಟ್‌ನಿಂದ ಶುರು, ಹತ್ತು ವಾರದಲ್ಲಿ ವಾರಕ್ಕೆರಡು ದಿನ ಎಂಟರಂತೆ ಮೂರು ಸೆಟ್. ಮ್ಯಾಚಿಗೆ ಎರಡು ದಿನ ಇರುವಾಗ ಬೇಡ, ನೋವು ಉಳಿದಿರುತ್ತದೆ. ಇನ್ನೂ ಎತ್ತರ ಬೆಳೆಯುತ್ತಿರುವವನಿಗೆ ಮಂಡಿಚಿಪ್ಪಿನ ಕೆಳಗಿನ ಗಂಟು ನೋಯುತ್ತಿದ್ದರೆ ಜಿಗಿತದ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸುವುದು.

ಇನ್ನು ಆಟದ ನಿಮಿಷಗಳು. ನಮ್ಮ ದೊಡ್ಡ ಕ್ಲಬ್‌ಗಳಲ್ಲಿ ಒಂಬತ್ತನೇ ನಂಬರಿನ, ಅಂದರೆ ಮುಖ್ಯ ಸ್ಟ್ರೈಕರ್‌ನ ಜಾಗ ಸಾಮಾನ್ಯವಾಗಿ ವಿದೇಶಿ ಆಟಗಾರನಿಗೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್)ನಲ್ಲಿ 2021-22ರಿಂದ ಮೈದಾನದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಅವಕಾಶ ಎಂದಾದರೂ ಆ ನಾಲ್ವರಲ್ಲಿ ಒಬ್ಬ ಸ್ಟ್ರೈಕರ್ ಇದ್ದೇ ಇರುತ್ತಾನೆ. ಹುಡುಗನನ್ನು ವಿಂಗ್‌ಗೆ ತಳ್ಳಿದರೆ ಒಪ್ಪಿಕೊಳ್ಳಲಿ ಎನ್ನುವವನು ನಾನು. 2017-18ರಲ್ಲಿ ಬೆಂಗಳೂರು ಎಫ್‌ಸಿಯಲ್ಲಿ ಮುಂದೆ ವೆನೆಜುವೆಲಾದ ಮಿಕು, ಎಡ ವಿಂಗಿನಲ್ಲಿ ಸುನಿಲ್ ಛೆಟ್ರಿ. ಆ ಐಎಸ್‌ಎಲ್‌ನಲ್ಲಿ ಮಿಕು 15, ಛೆಟ್ರಿ 14 ಗೋಲು. ಬೆಂಚು ಮಾತ್ರ ಒಪ್ಪಬಾರದು. ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್‌ನಲ್ಲಿ ಶುರು ಮಾಡಿ 2005ರಲ್ಲಿ ಪಂಜಾಬಿನ ಜೆಸಿಟಿ ಕ್ಲಬ್‌ಗೆ ಹೋದರು. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ಕ್ಲಬ್‌ಗೆ ಹೋಗಿ ಒಂದೂ ಲೀಗ್ ಮ್ಯಾಚ್ ಆಡದೆ ಬಂದರು. ಹೆಸರು ದೊಡ್ಡದಿದ್ದ ಕಡೆಗಿಂತ ನಿಮಿಷ ಸಿಕ್ಕ ಕಡೆಯೇ ಅವರ ಗೋಲುಗಳು ಬಂದವು. ನನ್ನ ಲೆಕ್ಕ: ಸೀಸನ್ನಿಗೆ 900 ನಿಮಿಷ ಸಿಗದಿದ್ದರೆ ಕೆಳಗಿನ ಡಿವಿಷನ್‌ಗೆ ಲೋನ್ (ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗೆ ಆಡಲು ಕಳಿಸುವುದು) ಕೇಳಬೇಕು.

ಸಹಿ ಹಾಕುವಾಗ: 18 ತುಂಬದವನ ಪ್ರೊಫೆಷನಲ್ ಕಾಂಟ್ರ್ಯಾಕ್ಟ್ ಮೂರು ವರ್ಷ ಮೀರುವಂತಿಲ್ಲ, ಅದು ಫಿಫಾ ನಿಯಮ. ಗಾಯವಾದರೆ ಸ್ಕ್ಯಾನ್, ಆಪರೇಷನ್ ಖರ್ಚು ಯಾರದ್ದು ಎಂದು ಬರೆದಿರಬೇಕು. ಬಾಯಿಮಾತಿನ ಭರವಸೆ ಮಂಡಿ ಹೋದ ದಿನ ನೆನಪಿರುವುದಿಲ್ಲ. ಹನ್ನೆರಡನೇ ವಯಸ್ಸಿನಿಂದ ಆಡಿದ ಎಲ್ಲ ಕ್ಲಬ್‌ಗಳ ನೋಂದಣಿ ದಾಖಲೆಯನ್ನು ಒಂದೇ ಫೈಲಿನಲ್ಲಿಡಿ. ಬೆಳೆಸಿದ ಕ್ಲಬ್‌ಗಳಿಗೆ ಹೊಸ ಕ್ಲಬ್ ಕೊಡಬೇಕಾದ ತರಬೇತಿ ಪರಿಹಾರದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.

ಪ್ರತಿ ಮ್ಯಾಚಿಗೂ ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ: ಆಡಿದ ನಿಮಿಷ, ಬಾಕ್ಸಿಗೆ ಓಡಿದ್ದು, ಬಾಕ್ಸಿನಲ್ಲಿ ಸಿಕ್ಕ ಟಚ್, ಶಾಟ್, ಗೋಲಿನತ್ತ ಹೋದ ಶಾಟ್. ಗೋಲಿಗೆ ಕಾಲಂ ಇಲ್ಲ, ಅದು ಹೇಗೂ ಎಲ್ಲರಿಗೂ ಗೊತ್ತಿರುತ್ತದೆ. ಐದು ಮ್ಯಾಚ್ ಗೋಲಿಲ್ಲದೆ ಹೋದರೂ ಮ್ಯಾಚಿಗೆ ಮೂರು ಶಾಟ್ ಬರುತ್ತಿದ್ದರೆ ಏನೂ ಬದಲಿಸುವುದಿಲ್ಲ. ಹನ್ನೆರಡು ಸಲ ಓಡಿ ಎರಡೇ ಟಚ್ ಸಿಕ್ಕಿದ್ದರೆ ಟೈಮಿಂಗ್ ತಪ್ಪುತ್ತಿದೆ, ಮತ್ತೆ ‘ಈಗ’ ಎಂದು ಕೂಗುವ ಎರಡು ವಾರ. ಓಟವೇ ನಾಲ್ಕಕ್ಕೆ ಇಳಿದಿದ್ದರೆ ಮೊದಲು ಕೇಳುವುದು ಸರಿಯಾಗಿ ನಿದ್ದೆ ಮಾಡುತ್ತಿದ್ದಾನೆಯೇ ಎಂದು.