ಗಾಡಿ ತೊಳೆದ ನೀರಿನಿಂದ ಎಣ್ಣೆ ಬೇರೆ ಮಾಡುವುದು ಹೇಗೆ?

ಮೊದಲ ಮಳೆಯ ಮರುದಿನ ನಮ್ಮ ಬಾವಿಯಿಂದ ಸೇದಿದ ಕೊಡಪಾನದ ಬಾಯಲ್ಲಿ ನವಿಲುಗರಿ ಬಣ್ಣದ ಪೊರೆ ತೇಲುತ್ತಿತ್ತು. ಮೂಸಿದರೆ ಡೀಸೆಲ್ ವಾಸನೆ. ಮೇಲಿನ ಗುಡ್ಡೆಯ ಗ್ಯಾರೇಜೊಂದರ ನೀರು ತೋಡಿಗೆ ಬೀಳುತ್ತಿತ್ತು. ಮಂಗಳೂರಿನ ಕೆಂಪು ಕಲ್ಲಿನ ನೆಲ ಜರಡಿ ಇದ್ದ ಹಾಗೆ. ಮೇಲೆ ಸುರಿದದ್ದು ಬಾವಿಗೆ ಇಳಿಯುತ್ತದೆ.

ಇದಕ್ಕೆ ದಾರಿ ತೈಲ ಬಾವಿಗಳಲ್ಲೇ ಇದೆ. ಅಲ್ಲಿ ಕಚ್ಚಾ ಎಣ್ಣೆಯ ಜೊತೆ ಉಪ್ಪು ನೀರೂ ಬರುತ್ತದೆ. ಜಗತ್ತಿನ ಸರಾಸರಿ ಹಿಡಿದರೆ 1 ಬ್ಯಾರೆಲ್ ಎಣ್ಣೆಗೆ ಸುಮಾರು 3 ಬ್ಯಾರೆಲ್ ನೀರು. ಬಾವಿ ಹಳೆಯದಾದಷ್ಟೂ ನೀರೇ ಜಾಸ್ತಿ. ಅದನ್ನು ಶುದ್ಧ ಮಾಡಿ ಮತ್ತೆ ನೆಲದೊಳಕ್ಕೆ ಒತ್ತುತ್ತಾರೆ, ಉಳಿದ ಎಣ್ಣೆ ಮೇಲೆ ಬರಲಿ ಎಂದು. ರಾಜಸ್ಥಾನದ ಬಾಡಮೇರ್‌ನಲ್ಲೂ ಹೀಗೇ ಮಾಡುತ್ತಾರೆ. ಎಷ್ಟೇ ದೊಡ್ಡ ಯಂತ್ರ ಇದ್ದರೂ ಮೊದಲ ಕೆಲಸ ಒಂದೇ: ನೀರನ್ನು ಅಲುಗದ ಹಾಗೆ ನಿಲ್ಲಿಸುವುದು. ನಿಂತ ನೀರಲ್ಲಿ ಎಣ್ಣೆ ತಾನಾಗಿ ಮೇಲೆ ಬರುತ್ತದೆ. ಸಣ್ಣ ಗ್ಯಾರೇಜಿಗೂ ಅದೇ ಸಾಕು.

ಗುಂಡಿ ತೋಡುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಎರಡು ಬಾಟಲಿಗಳಲ್ಲಿ ನೀರು, ಒಂದೊಂದು ಚಮಚ ಹಳೇ ಎಂಜಿನ್ ಆಯಿಲ್ ಹಾಕಿ. ಒಂದಕ್ಕೆ ಮಾತ್ರ ನಾಲ್ಕು ಹನಿ ಶಾಂಪೂ ಬೆರೆಸಿ. ಎರಡನ್ನೂ ಚೆನ್ನಾಗಿ ಕುಲುಕಿ ಇಡಿ. ಶಾಂಪೂ ಇಲ್ಲದ್ದರಲ್ಲಿ ಎಣ್ಣೆ ಬೇಗ ಮೇಲೆ ಬಂದು ಕಪ್ಪು ಪದರವಾಗುತ್ತದೆ. ಇನ್ನೊಂದು ಕೊಳಕು ಹಾಲಿನ ಹಾಗೆ ಕದಡಿಕೊಂಡೇ ಇರುತ್ತದೆ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಗಾಡಿಯ ಹೊರಮೈಗೆ ಶಾಂಪೂ ಹಾಕುವ ಜಾಗ ಬೇರೆ, ಎಂಜಿನ್ ಮತ್ತು ಅಡಿಭಾಗ ತೊಳೆಯುವ ಜಾಗ ಬೇರೆ ಇರಲಿ. ಚೆಲ್ಲಿದ ಗ್ರೀಸನ್ನು ನೀರು ಹಾಕುವ ಮೊದಲೇ ಮರದ ಹುಡಿಯಿಂದ ಒರೆಸಿಬಿಡಿ.

ಈಗ ಗುಂಡಿ. ಗಂಟೆಗೆ ಎರಡು ಕಾರು, ಒಂದಕ್ಕೆ 150 ಲೀಟರ್ ಎಂದಿಟ್ಟುಕೊಂಡರೆ 300 ಲೀಟರ್ ಆಯಿತು. 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ ಧಾರಾಳ ಸಾಕು. ಒಳಗೆ ಸೋರದ ಹಾಗೆ ಸಿಮೆಂಟ್ ಹಾಕಿಸಿ, ಎರಡು ಗೋಡೆ ಕಟ್ಟಿ ಮೂರು ಕೋಣೆ ಮಾಡಿಸಿ. ಮೊದಲ ಕೋಣೆ ಮಣ್ಣು, ಮರಳಿಗೆ. ನಡುವಿನದು ಎಣ್ಣೆಗೆ, ಅದೇ ದೊಡ್ಡದಿರಲಿ. ಕೋಣೆಯಿಂದ ಕೋಣೆಗೆ ನೀರು ಹೋಗುವ ಪೈಪಿಗೆ ಟಿ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ, ಅದರ ಕೆಳಬಾಯಿ ನೀರಿನೊಳಗೆ ಮುಳುಗಿರಬೇಕು, ಮೇಲ್ಬಾಯಿ ತೆರೆದಿರಬೇಕು. ಆಗ ಕೆಳಗಿನ ನೀರು ಮಾತ್ರ ದಾಟುತ್ತದೆ, ಎಣ್ಣೆ ಹಿಂದೆಯೇ ನಿಲ್ಲುತ್ತದೆ. ಟಿ ಹಾಕದೆ ಬರೀ ಪೈಪ್ ಇಟ್ಟರೆ ಇಡೀ ಖರ್ಚು ದಂಡ.

ಗುಂಡಿಗೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರಲಿ. ಪಂಪ್ ಹಾಕಿದರೆ ಅದು ಎಣ್ಣೆಯನ್ನು ಕಡೆದುಬಿಡುತ್ತದೆ. ಗುಂಡಿಯ ಮೇಲೆ ಮಳೆ ಬೀಳದ ಹಾಗೆ ಮಾಡೂ (ಚಾವಣಿ) ಬೇಕೇ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿದು, ತೆರೆದ ಗುಂಡಿ ಒಂದೇ ರಾತ್ರಿಯಲ್ಲಿ ಉಕ್ಕಿ ಎಣ್ಣೆಯೆಲ್ಲ ತೋಡಿಗೆ ಹೋಗುತ್ತದೆ.

ಮೂರನೇ ಕೋಣೆಯ ನೀರನ್ನು ಮರಳು, ಆಮೇಲೆ ತೆಂಗಿನ ಗೆರಟೆಯಿಂದ ಮಾಡಿದ ಆ್ಯಕ್ಟಿವೇಟೆಡ್ ಕಾರ್ಬನ್ (ಕೊಳೆ ಹೀರುವ ಹಾಗೆ ಹದ ಮಾಡಿದ ಇದ್ದಿಲು) ಮೂಲಕ ಸೋಸಿ. ಚಕ್ರ, ಅಡಿಭಾಗ, ನೆಲ ತೊಳೆಯಲು ಮತ್ತೆ ಬಳಸಬಹುದು. ಕೊನೆಯ ತೊಳೆತಕ್ಕೆ ಒಳ್ಳೆ ನೀರೇ ಬೇಕು. ತೆಂಗಿನ ಬುಡಕ್ಕೆ, ಇಂಗುಗುಂಡಿಗೆ ಮಾತ್ರ ಬಿಡಲೇಬೇಡಿ. 2019ರ ಮೇಯಲ್ಲಿ ನೀರಿಲ್ಲದೆ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ಅಂಥ ಬೇಸಿಗೆ ಮತ್ತೆ ಬಂದರೆ ಉಳಿಸಿದ ಒಂದೊಂದು ಡ್ರಮ್ಮೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಹೊರಗೆ ಬಿಡುವುದಿದ್ದರೆ ಕಣ್ಣಂದಾಜು ಸಾಲದು. ನದಿ, ತೋಡಿಗೆ ಬಿಡುವ ನೀರಲ್ಲಿ ಎಣ್ಣೆ, ಗ್ರೀಸು ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಮೇಲೆ ತೇಲಿದ ಎಣ್ಣೆಯನ್ನು ವಾರಕ್ಕೊಮ್ಮೆ ಚಪ್ಪಟೆ ಡಬ್ಬದಿಂದ ತೆಗೆದು ಮುಚ್ಚಳದ ಡ್ರಮ್ಮಿಗೆ ತುಂಬಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ. ಎಣ್ಣೆ ಹೀರಿದ ಹುಡಿ, ಹೂಳು ಕೂಡ ಅಪಾಯದ ಕಸವೇ, ಸುಡಬೇಡಿ. ಹೂಳು ತೆಗೆಸುವ ಕೆಲಸ ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ದಿನ) ಮುಗಿಯಲಿ. ಆಮೇಲೆ ಮಳೆ ಯಾವಾಗ ಹಿಡಿಯುತ್ತದೋ ಹೇಳಲಾಗದು.