ಸಿಂಧನೂರು ಸೀಮೆಯ ಮನೆಗಳಲ್ಲಿ ಕುಟುಂಬ ಸಿದ್ಧಾಂತ ಪರೀಕ್ಷಿಸುವ ಬಗೆ

ಸಮಾಜಶಾಸ್ತ್ರದ ಕಿರುಪ್ರಬಂಧಕ್ಕೆಂದು ಸಿಂಧನೂರು, ಲಿಂಗಸುಗೂರು ಕಡೆಯ ಹಳ್ಳಿಗೆ ಹೋದವರು ಎಡವುವುದು ಮೊದಲ ಪ್ರಶ್ನೆಯಲ್ಲೇ. ‘ನೀವೇನ್ ಕೆಲಸ ಮಾಡ್ತೀರಿ?’ ಎಂದರೆ ‘ಏನಿಲ್ರೀ, ಮನ್ಯಾಗ ಇರ್ತೀನಿ’ ಎನ್ನುತ್ತಾರೆ. ಹೇಳುವಾಕೆಯ ಕೈಗೆ ಆಗಲೂ ಜೋಳದ ಹಿಟ್ಟು ಮೆತ್ತಿರುತ್ತದೆ. ನೀವು ‘ಗೃಹಿಣಿ’ ಎಂದು ಬರೆದುಕೊಂಡರೆ ಮುಗಿಯಿತು. ಮನೆಗೆಲಸವನ್ನೂ ಕೆಲಸವೆಂದೇ ಅಧ್ಯಯನ ಮಾಡಬೇಕು ಎಂದು ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ 1974ರಲ್ಲಿ ಮಂಡಿಸಿದ ವಾದವನ್ನು ಪರೀಕ್ಷಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

‘ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ?’ ಎಂದು ಕೇಳಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ನಸುಕಿನ 4ರಿಂದ ಮರುದಿನ 4ರವರೆಗೆ ಅರ್ಧ ಗಂಟೆಗೊಂದರಂತೆ 48 ಸಾಲು ಹಾಕಿ. ಪ್ರತಿ ಸಾಲಿಗೂ ಎರಡು ಕಾಲಂ: ಮುಖ್ಯ ಕೆಲಸ, ಜೊತೆಗೆ ನಡೆದ ಕೆಲಸ. ರೊಟ್ಟಿ ಬಡಿಯುತ್ತಲೇ ತೊಟ್ಟಿಲ ಹಗ್ಗ ಎಳೆಯುತ್ತಿರುತ್ತಾರೆ. ಒಂದೇ ಕಾಲಂ ಇದ್ದರೆ ಕೂಸು ನೋಡಿಕೊಂಡದ್ದು ಲೆಕ್ಕಕ್ಕೇ ಸಿಗದು. ಗಂಟೆ ಹೇಳಲಾಗದವರಿಗೆ ನಳಕ್ಕೆ ನೀರು ಬಂದ ಹೊತ್ತು, ಶಾಲೆಯ ಗಂಟೆ ಗುರುತಾಗಲಿ. ಗಂಡನನ್ನು ಬೇರೆ ಕೂರಿಸಿ ಕೇಳಿ, ಪಕ್ಕದಲ್ಲಿದ್ದರೆ ಹೆಂಡತಿಯ ಉತ್ತರವನ್ನೂ ಅವನೇ ಕೊಟ್ಟುಬಿಡುತ್ತಾನೆ. ಸೋಮವಾರ ಎತ್ತು ಹೂಡದ ಊರಾದರೆ ಮಂಗಳವಾರ ಹೋಗಬೇಡಿ: ‘ನಿನ್ನೆ’ ಗಂಡಸರಿಗೆ ಬಿಡುವಿನ ದಿನ, ಹೆಂಗಸರಿಗಲ್ಲ.

ಆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟಿದ್ದರು. ಇದು ಆ ದಿನ ಮನೆಗೆಲಸಕ್ಕೆ ಕೈಹಾಕಿದವರ ಸರಾಸರಿ ಮಾತ್ರ. ಏನೂ ಮಾಡದ ಗಂಡಸರ ಸೊನ್ನೆಗಳನ್ನು ಸೇರಿಸಿದ ನಿಮ್ಮ ಸರಾಸರಿಯನ್ನು 97ರ ಪಕ್ಕ ಇಡುವಂತಿಲ್ಲ. ಸಾಕಷ್ಟು ಪ್ರಬಂಧಗಳು ಕೆಡುವುದು ಇಲ್ಲೇ.

ಕುಟುಂಬ ಎಣಿಸುವಾಗ ಒಲೆ ಎಣಿಸಿ. ಜನಗಣತಿಗೂ ಒಂದೇ ಅಡುಗೆಮನೆಯೇ ಅಳತೆ. ಆದರೆ ಒಲೆ ಬೇರೆಯಾದ ಮೇಲೂ ಪಹಣಿ ಅಪ್ಪನ ಹೆಸರಲ್ಲೇ ಇದ್ದು, ಬೀಜ-ಗೊಬ್ಬರದ ಖರ್ಚು ಕೂಡಿಯೇ ನಡೆಯಬಹುದು. ಮೂರನ್ನೂ ಬೇರೆ ಬೇರೆ ಬರೆದುಕೊಳ್ಳದೆ ‘ಕೂಡು ಕುಟುಂಬ ಒಡೆಯಿತು’ ಎನ್ನಬೇಡಿ. ಗಂಡ-ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿ, ಮಕ್ಕಳು ಅಜ್ಜಿಯ ಹತ್ತಿರ ಉಳಿದ ಮನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1955ರಲ್ಲಿ ಹೇಳಿದ ಮಾದರಿ, ದುಡಿಯುವ ಗಂಡ, ಮನೆಯ ಭಾವಭಾರ ಹೊರುವ ಹೆಂಡತಿ, ಹೊಂದುವುದೇ ಇಲ್ಲ.

ಅತ್ತೆ-ಸೊಸೆ ವಿಷಯಕ್ಕೆ ಹೆಚ್ಚಿನವರು ಸಮಾಜಶಾಸ್ತ್ರಜ್ಞೆ ಡೆನಿಜ್ ಕಾಂಡಿಯೋಟಿಯ 1988ರ ಲೇಖನ ಹಿಡಿಯುತ್ತಾರೆ: ಸೊಸೆಯಾಗಿ ತಗ್ಗಿ ನಡೆದವಳು ಮುಂದೆ ತನ್ನ ಸೊಸೆಯ ಮೇಲೆ ಅಧಿಕಾರ ಪಡೆಯುತ್ತಾಳೆ. ಆ ಲೇಖನದಲ್ಲಿ ಸೊಸೆ ಪರರ ಮನೆಯಿಂದ ಬಂದ ಒಂಟಿ ಹುಡುಗಿ. ನಮ್ಮಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದುಂಟು. ಹಾಗಾದಾಗ ಅತ್ತೆ ಎಂದರೆ ಹುಡುಗಿಯ ತಾಯಿಯ ತಾಯಿ, ಎತ್ತಿ ಆಡಿಸಿದ ಅಜ್ಜಿ. ಉತ್ತರ ಭಾರತದ ಮತ್ತು ದಕ್ಷಿಣ ಭಾರತದ ಬಂಧುವ್ಯವಸ್ಥೆಯ ಈ ವ್ಯತ್ಯಾಸವನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ವಿವರಿಸಿದ್ದರು. ಆದ್ದರಿಂದ ಪ್ರತಿ ಸೊಸೆಗೂ ‘ಮದುವಿಗಿಂತ ಮೊದ್ಲು ನಿಮ್ಮತ್ತಿ ನಿಮಗೇನಾಗಬೇಕಿತ್ರೀ?’ ಎಂದು ಕೇಳಿ, ಸಂಬಂಧದ ಒಳಗಿನವರನ್ನೂ ಹೊರಗಿನವರನ್ನೂ ಎರಡು ಪಟ್ಟಿ ಮಾಡಿ. ಆಮೇಲೆ 48 ಸಾಲಿನ ಹಾಳೆ ತೆಗೆದು, ಅತ್ತೆ ಕೆಲಸಕ್ಕೆ ಕೈ ಜೋಡಿಸಿದ ಅರ್ಧ ಗಂಟೆಗಳನ್ನು ಎರಡೂ ಪಟ್ಟಿಯಲ್ಲಿ ಎಣಿಸಿ.