ಹೊಸ ಅಧ್ಯಕ್ಷರಿಗೆ ಪತ್ರ: ಯಾರ ಕೈಲಿ ಏನಿದೆ ಅಂತ ಮೊದಲು ನೋಡಿಕೊಂಡೆ

2021ರ ಜನವರಿ 20ರಂದು ಜೋ ಬೈಡನ್ ಪ್ರಮಾಣವಚನ ಸ್ವೀಕರಿಸಿದರು. ಅದೇ ವಾರ ನಾನು ಅವರಿಗೆ ಪತ್ರ ಬರೆದೆ. ನಾನು ಅಮೆರಿಕದ ಪ್ರಜೆಯಾದ ಮೇಲೆ ಹೊಸ ಅಧ್ಯಕ್ಷರೊಬ್ಬರು ಬಂದದ್ದು ಅದೇ ಮೊದಲು. ಓಟು ಹಾಕಿ ಸುಮ್ಮನೆ ಕೂರಲು ಮನಸ್ಸಾಗಲಿಲ್ಲ. ಇಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಕನ್ನಡದವರು ಕೆಲವರು, ಏನು ಬರೆದಿರಿ, ಹೇಗೆ ಬರೆದಿರಿ ಅಂತ ಆಮೇಲೆ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೇಳುವುದು ಬೇಕಾದಷ್ಟಿತ್ತು. ಕೋವಿಡ್‌ಗೆ ಬಲಿಯಾದವರು ಆಗಲೇ 4 ಲಕ್ಷ. ಲಸಿಕೆ, ಶಾಲೆ, ಕೆಲಸ, ಹವಾಮಾನ ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ಆದರೆ 100 ದಿನದಲ್ಲಿ 10 ಕೋಟಿ ಡೋಸ್ ಅಂತ ಬೈಡನ್ ಮೊದಲೇ ಮಾತು ಕೊಟ್ಟಿದ್ದರು. ಪ್ಯಾರಿಸ್ ಒಪ್ಪಂದಕ್ಕೆ ಮರಳುವ ಕಾಗದಕ್ಕೆ ಮೊದಲ ದಿನವೇ ಸಹಿ ಬಿದ್ದಿತ್ತು. ಆ ವಿಷಯಗಳಲ್ಲಿ ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದರು. ನಾನು ಹತ್ತಿರದಿಂದ ಬಲ್ಲದ್ದು ವಲಸೆ ಕಾನೂನು. ಅದನ್ನೊಂದೇ ಇಟ್ಟುಕೊಂಡೆ.

ಇಲ್ಲಿ ಪ್ರಜೆಯಾಗಲು ಒಂದು ಪರೀಕ್ಷೆ ಪಾಸಾಗಬೇಕು. ಕಾನೂನು ಮಾಡುವವರು ಯಾರು ಅಂತ ಅದರಲ್ಲಿ ಕೇಳುತ್ತಾರೆ. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಅಂತ ಉತ್ತರ. ಅಧ್ಯಕ್ಷರದ್ದು ಸಹಿ ಅಥವಾ ವೀಟೋ. ಪತ್ರ ಬರೆಯುವಾಗ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ಪಾಠ. ಪ್ರತಿ ಬೇಡಿಕೆಯ ಪಕ್ಕದಲ್ಲೂ ಇದು ಯಾರ ಕೈಲಿದೆ ಅಂತ ಬರೆದುಕೊಂಡೆ. ಕಾಂಗ್ರೆಸ್ಸಾ, ಇಲಾಖೆಯಾ, ಅಧ್ಯಕ್ಷರೇನಾ? ಅಧ್ಯಕ್ಷರ ಕೈಲಿಲ್ಲದ್ದನ್ನು ಅವರ ಹತ್ತಿರ ಕೇಳಿದರೆ ಪತ್ರ ಓದುವ ಸಿಬ್ಬಂದಿ ತಾನೇ ಏನು ಮಾಡಿಯಾರು?

ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿ, ಅದರ ಸಾಲನ್ನೇ ತೆಗೆದುಕೊಳ್ಳಿ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಆ ಲೆಕ್ಕದಲ್ಲೇ ಬರುತ್ತಾರೆ. ಯಾವ ದೇಶದವರಿಗೂ ಶೇ 7ಕ್ಕಿಂತ ಜಾಸ್ತಿ ಇಲ್ಲ ಅನ್ನುವುದು ಸಾಮಾನ್ಯ ನಿಯಮ. ಇದು 1990ರ ಕಾನೂನು. ಈ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365–65 ಮತದಿಂದ ಗೆದ್ದಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಬೇರೆ ರೂಪವನ್ನು ಒಪ್ಪಿತು. ಎರಡೂ ಹೊಂದಲಿಲ್ಲ, ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆ ಬಿದ್ದುಹೋಯಿತು. ಹಾಗಾಗಿ ಅಧ್ಯಕ್ಷರಿಗೆ ನಾನು ಬರೆದದ್ದು ಇಷ್ಟೇ: ನೀವು ಮುಂದಿಟ್ಟಿರುವ ವಲಸೆ ಮಸೂದೆಯಲ್ಲಿ ಈ ಮಿತಿ ತೆಗೆಯುವ ಅಂಶವನ್ನು ಕೊನೆವರೆಗೂ ಉಳಿಸಿಕೊಳ್ಳಿ. ಪತ್ರದ ಪ್ರತಿಯನ್ನು ನಮ್ಮ ಇಬ್ಬರು ಸೆನೆಟರ್‌ಗಳಿಗೂ ಕೆಳಮನೆಯ ಸದಸ್ಯರಿಗೂ ಕಳಿಸಿದೆ. ಫೆಬ್ರವರಿ 18ರಂದು ಆ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದ್ದು ನಮ್ಮದೇ ರಾಜ್ಯದ ಬಾಬ್ ಮೆನೆಂಡೆಜ್. ಅದು ಪಾಸಾಗಲಿಲ್ಲ.

ಎರಡನೆಯದು ವೀಸಾ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಳ್ಳುವುದು. ಇದು ವಿದೇಶಾಂಗ ಇಲಾಖೆಯ ಕೈಲಿದೆ. 2004ರವರೆಗೆ ಎಚ್-1ಬಿ ಅನ್ನುವ ಕೆಲಸದ ವೀಸಾವನ್ನು ಅಮೆರಿಕದಲ್ಲೇ ನವೀಕರಿಸಬಹುದಿತ್ತು. ಆಮೇಲೆ ಅದು ನಿಂತಿತು. ನಾನು ಪತ್ರ ಬರೆದಾಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ, ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಓಡಬೇಕಿತ್ತು. ಕೋವಿಡ್‌ನಲ್ಲಿ ಅಪ್ಪ ಅಮ್ಮನನ್ನು ನೋಡಲು ಊರಿಗೆ ಹೋದವರು ಅಪಾಯಿಂಟ್‌ಮೆಂಟ್ ಸಿಗದೆ ಅಲ್ಲೇ ಸಿಕ್ಕಿಹಾಕಿಕೊಂಡರು, ಹೆಂಡತಿ ಮಕ್ಕಳು ಇಲ್ಲಿ. ಹಳೆಯ ಪದ್ಧತಿಯನ್ನು ಮತ್ತೆ ತನ್ನಿ ಅಂತ ಕೇಳಿದೆ. 2024ರ ಜನವರಿಯಲ್ಲಿ 20,000 ಜನರ ಮಿತಿಯಲ್ಲಿ ಪ್ರಾಯೋಗಿಕವಾಗಿ ಅದನ್ನು ಶುರು ಮಾಡಿದರು.

ಪತ್ರದ ಅರ್ಧ ಭಾಗ ಹೋದದ್ದು ಮೂರನೆಯದಕ್ಕೆ. ಅಪ್ಪ ಅಮ್ಮನ ಕೈಹಿಡಿದು ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದ ಮಕ್ಕಳಿದ್ದಾರೆ. ಗ್ರೀನ್ ಕಾರ್ಡ್ ಬರುವ ಮುಂಚೆ 21 ತುಂಬಿದರೆ ಅವರು ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ. ವಿದ್ಯಾರ್ಥಿ ವೀಸಾ ಹುಡುಕಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಕಾನೂನು 2002ರಲ್ಲಿ ಬಂದಿದೆ. ತೊಡಕು ಇರುವುದು ಅದನ್ನು ಜಾರಿ ಮಾಡುವ ರೀತಿಯಲ್ಲಿ. ಸಾಲು ಎಲ್ಲಿಗೆ ಬಂತು ಅಂತ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಎರಡು ಚಾರ್ಟ್ ಇರುತ್ತವೆ. ಯಾವ ದಿನಾಂಕಕ್ಕೆ ಮುಂಚೆ ಸಾಲಿಗೆ ಸೇರಿದವರು ಅರ್ಜಿ ಹಾಕಬಹುದು ಅಂತ ಒಂದರಲ್ಲಿ, ಯಾವ ದಿನಾಂಕಕ್ಕೆ ಮುಂಚೆ ಸೇರಿದವರಿಗೆ ಕಾರ್ಡ್ ಕೊಡುತ್ತಾರೆ ಅಂತ ಇನ್ನೊಂದರಲ್ಲಿ. 2020ರ ಅಕ್ಟೋಬರ್‌ನಲ್ಲಿ ಮೊದಲು ಹೇಳಿದ, ಅರ್ಜಿ ಹಾಕುವ ಚಾರ್ಟ್ ಭಾರತೀಯರಿಗೆ ಒಮ್ಮೆಲೇ ಹಲವು ವರ್ಷ ಮುಂದೆ ಹೋಯಿತು. ಮನೆಮನೆಯಲ್ಲೂ ಅರ್ಜಿ ತುಂಬುವ ಗಡಿಬಿಡಿ.

ನಮ್ಮ ಸ್ನೇಹಿತರ ಮಗಳೂ ಅರ್ಜಿ ಹಾಕಿದಳು. ಫೀ ಕಟ್ಟಿದರು, ರಸೀದಿ ಬಂತು. ಆದರೆ ವಯಸ್ಸು ಲೆಕ್ಕ ಹಾಕುತ್ತಿದ್ದದ್ದು ಎರಡನೇ ಚಾರ್ಟ್ ಹಿಡಿದು. ಅದು ಇನ್ನೂ ಹಿಂದೆಯೇ ಇತ್ತು. ಅಂದರೆ ಅರ್ಜಿ ಸರ್ಕಾರದ ಕೈಲಿದ್ದಾಗಲೂ ಹುಡುಗಿಯ ವಯಸ್ಸು ಓಡುತ್ತಲೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತು ಆ ಮನೆಯಲ್ಲಿ ಎಷ್ಟು ಸಲ ಬಂತೋ. ಐದನೇ ವಯಸ್ಸಿಗೆ ಬಂದ ಮಗು, ಓದಿದ್ದೆಲ್ಲ ಇಲ್ಲೇ. ಎಲ್ಲಿಗೆ ಹೋಗಬೇಕು ಅವಳು?

ಅವರ ಒಪ್ಪಿಗೆ ತೆಗೆದುಕೊಂಡು, ಹೆಸರು ಹಾಕದೆ, ಇದನ್ನೇ ಬರೆದೆ. ಕೊನೆಗೆ ಕೇಳಿದ್ದು ಇಷ್ಟು: ಅರ್ಜಿ ತೆಗೆದುಕೊಳ್ಳಲು ಯಾವ ಚಾರ್ಟ್ ನೋಡುತ್ತೀರೋ, ವಯಸ್ಸಿಗೂ ಅದನ್ನೇ ನೋಡಿ. ಇದಕ್ಕೆ ಹೊಸ ಕಾನೂನು ಬೇಡ, ವಲಸೆ ಇಲಾಖೆಯ ನೀತಿ ಕೈಪಿಡಿ ತಿದ್ದಿದರೆ ಸಾಕು.

ಪತ್ರ ಒಂದೇ ಪುಟ. ಮೊದಲ ಸಾಲಿನಲ್ಲೇ ನಾನು ಪ್ರಜೆ, ಮತದಾರ, ಇಂಥ ಊರು ಅಂತ ಹೇಳಿದೆ. ಎರಡನೇ ಸಾಲಿನಲ್ಲಿ ಬೇಡಿಕೆ. ಶ್ವೇತಭವನಕ್ಕೆ ಹೋಗುವ ಅಂಚೆಯೆಲ್ಲ ತಪಾಸಣೆ ದಾಟಿ ಒಳಗೆ ಹೋಗಬೇಕು, ತಡವಾಗುತ್ತದೆ. ಅದಕ್ಕೇ ಅವರ ವೆಬ್‌ಸೈಟ್‌ನ ಫಾರ್ಮ್‌ನಲ್ಲೂ ಅದನ್ನೇ ಹಾಕಿದೆ. ಸೆನೆಟರ್ ಕಚೇರಿಗೆ ಫೋನ್ ಕೂಡ ಮಾಡಿದೆ. ಮಾತಾಡಿದವರು ನನ್ನ ಪಿನ್‌ಕೋಡ್ ಕೇಳಿ ಬರೆದುಕೊಂಡರು. ತಮ್ಮ ಕ್ಷೇತ್ರದವರ ಮಾತಿಗೆ ಅಲ್ಲಿ ಬೆಲೆ ಇದೆ, ಅದನ್ನು ನಮ್ಮವರು ಉಪಯೋಗಿಸುವುದು ತೀರಾ ಕಡಿಮೆ.

2023ರ ಫೆಬ್ರವರಿ 14ರಂದು ವಲಸೆ ಇಲಾಖೆ ಕೈಪಿಡಿ ತಿದ್ದಿತು. ವಯಸ್ಸಿಗೂ ಮೊದಲ ಚಾರ್ಟ್. ನನ್ನ ಪತ್ರದಿಂದ ಆಯಿತು ಅನ್ನಲಾರೆ. ಇಂಥ ಮಕ್ಕಳೇ ಇಂಪ್ರೂವ್ ದ ಡ್ರೀಮ್ ಅನ್ನುವ ಸಂಘಟನೆ ಕಟ್ಟಿ ವಾಷಿಂಗ್ಟನ್‌ನಲ್ಲಿ ಬಾಗಿಲು ಬಾಗಿಲು ತಟ್ಟಿದ್ದರು. ಹೆಚ್ಚಿನ ಶ್ರೇಯ ಅವರಿಗೇ ಸೇರಬೇಕು.

2025ರ ಆಗಸ್ಟ್ 15ರಿಂದ ಅದೇ ಇಲಾಖೆ ಹಳೆಯ ಲೆಕ್ಕಕ್ಕೆ ಮರಳಿತು. ಅದಕ್ಕೆ ಮುಂಚೆ ಹಾಕಿದ ಅರ್ಜಿಗಳಿಗೆ ಹೊಸ ಬದಲಾವಣೆ ಅನ್ವಯಿಸುವುದಿಲ್ಲ. ಮುಂದೆ ಬರುವ ಮಕ್ಕಳಿಗೆ ಮಾತ್ರ ಮತ್ತೆ ಎರಡನೇ ಚಾರ್ಟ್. ಕೈಪಿಡಿಯಲ್ಲಿ ಬರೆದದ್ದನ್ನು ಮುಂದಿನ ಸರ್ಕಾರ ಕೈಪಿಡಿಯಲ್ಲೇ ಅಳಿಸಬಹುದು. ಹಾಗಂತ ಇಲಾಖೆಯನ್ನು ಕೇಳಿದ್ದು ವ್ಯರ್ಥವಲ್ಲ. ಆ ಎರಡೂವರೆ ವರ್ಷದ ಒಳಗೆ ದಾಟಿಕೊಂಡ ಮಕ್ಕಳು ದಾಟಿಕೊಂಡರು. ಈಗ ಯಾರಾದರೂ ಕೇಳಿದರೆ, ಎರಡೂ ಕಡೆ ಬರೆಯಿರಿ ಅನ್ನುತ್ತೇನೆ: ಇವತ್ತಿನ ಮಗುವಿಗಾಗಿ ಇಲಾಖೆಗೆ, ನಾಳೆಯವರಿಗಾಗಿ ಕಾಂಗ್ರೆಸ್ಸಿಗೆ. ನಾನು ಈಗ ನಮ್ಮ ಸೆನೆಟರ್‌ಗಳಿಗೆ ಬರೆಯುತ್ತಿರುವುದೂ ಅದನ್ನೇ. ಅಪ್ಪ ಅಮ್ಮ ಸಾಲಿಗೆ ಸೇರಿದ ದಿನ ಮಗುವಿಗೆ ಎಷ್ಟು ವಯಸ್ಸೋ, ಅದೇ ಕೊನೆವರೆಗೂ ಲೆಕ್ಕಕ್ಕೆ ಬರಲಿ ಅಂತ ಕಾನೂನಿನಲ್ಲೇ ಬರೆಯಿರಿ.